ಹಾಲುಹಲ್ಲಿನಿಂದ ಬುದ್ಧಿಹಲ್ಲಿನವರೆಗೆ: ಮಕ್ಕಳ ಹಲ್ಲಿನ ಸಾಲನ್ನು ಮನೆಯಲ್ಲೇ ಗಮನಿಸುವ ಬಗೆ

ಪಕ್ಕದ ಮನೆಯ ಮಗುವಿಗೆ ಆರು ತಿಂಗಳಿಗೇ ಹಲ್ಲು ಬಂತು, ನಮ್ಮ ಮಗುವಿಗೆ ಹತ್ತಾದರೂ ಇಲ್ಲ ಎಂದು ಕಂಗಾಲಾಗುವವರು ಬಹಳ ಮಂದಿ. ಆದರೆ ಹಲ್ಲು ಯಾವ ತಿಂಗಳಲ್ಲಿ ಬಂತು ಎನ್ನುವುದರಿಂದ ತಿಳಿಯುವುದು ಕಡಿಮೆ. ನಿಜವಾಗಿ ನೋಡಬೇಕಾದ್ದು ಮೂರು ಸಂಗತಿ: ಹಲ್ಲುಗಳು ಬರುವ ಕ್ರಮ ಸರಿಯಿದೆಯೇ, ಎಡಬಲದ ಜೋಡಿ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತಿದೆಯೇ, ಮುಂದೆ ಬರಲಿರುವ ಹಲ್ಲಿಗೆ ಜಾಗ ಉಳಿದಿದೆಯೇ. ಈ ಮೂರೂ ಸರಿಯಿದ್ದರೆ ನಾಲ್ಕಾರು ತಿಂಗಳ ಹಿಂದುಮುಂದು ಲೆಕ್ಕಕ್ಕಿಲ್ಲ. ಒಂದು ತಪ್ಪಿದರೂ, ಹಲ್ಲು ಸರಿಯಾದ ವಯಸ್ಸಿಗೇ ಬಂದಿದ್ದರೂ, ದಂತವೈದ್ಯರ ಬಳಿ ಹೋಗಬೇಕು.

ಒಸಡಿನ ಒಳಗೆ ಏನು ನಡೆಯುತ್ತದೆ

ಗರ್ಭದ ಆರನೇ ವಾರದ ಸುಮಾರಿಗೇ ಹಲ್ಲಿನ ಮೊಳಕೆಗೆ ಬೇಕಾದ ಪದರ ದವಡೆಯಲ್ಲಿ ಮೂಡುತ್ತದೆ. ಹದಿನಾಲ್ಕನೇ ವಾರದ ಹೊತ್ತಿಗೆ ಹಾಲುಹಲ್ಲುಗಳಲ್ಲಿ ಖನಿಜ ಕೂರಲು ಶುರುವಾಗುತ್ತದೆ. ಮಗು ಹುಟ್ಟುವಾಗ ಬಾಯಿ ಬೋಳಾಗಿದ್ದರೂ ಒಳಗೆ ಇಪ್ಪತ್ತು ಹಾಲುಹಲ್ಲುಗಳು ಬೇರೆ ಬೇರೆ ಹಂತದಲ್ಲಿ ಸಿದ್ಧವಾಗುತ್ತಿರುತ್ತವೆ. ಆರನೇ ವರ್ಷಕ್ಕೆ ಬರಬೇಕಾದ ಮೊದಲ ಶಾಶ್ವತ ದವಡೆಹಲ್ಲು ಗಟ್ಟಿಯಾಗಲು ಆರಂಭಿಸುವುದೂ ಹುಟ್ಟಿನ ಆಸುಪಾಸಿನಲ್ಲೇ.

ಮೊದಲು ಕಟ್ಟಿಕೊಳ್ಳುವುದು ಹಲ್ಲಿನ ತಲೆ, ಆಮೇಲೆ ಬೇರು. ಬೇರು ಮುಕ್ಕಾಲು ಪಾಲು ಬೆಳೆದ ಹೊತ್ತಿಗೆ ಹಲ್ಲು ಒಸಡನ್ನು ಸೀಳಿ ಹೊರಬರುತ್ತದೆ. ಶಾಶ್ವತ ಹಲ್ಲಿನ ಬೇರಿನ ತುದಿ ಪೂರ್ತಿ ಮುಚ್ಚಿಕೊಳ್ಳಲು ಅದಾದ ಮೇಲೂ ಎರಡು ಮೂರು ವರ್ಷ ಬೇಕು. ಎನಾಮೆಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕಟ್ಟುವ ಜೀವಕೋಶಗಳಾದರೋ ಹಲ್ಲು ಹೊರಬರುವಷ್ಟರಲ್ಲಿ ನಾಶವಾಗಿರುತ್ತವೆ. ಹಾಗಾಗಿ ಎನಾಮೆಲ್ ಕಟ್ಟುವ ಕಾಲದಲ್ಲಾದ ಲೋಪ ಆ ಹಲ್ಲಿನಲ್ಲಿ ಖಾಯಂ ಆಗಿ ಉಳಿಯುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಔಷಧ ಕೊಟ್ಟರೆ ಹಲ್ಲಿಗೆ ಕಂದು-ಬೂದು ಕಲೆ ಹಿಡಿಯುವುದು ಇದರಿಂದಲೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಬಿಳಿ ಅಥವಾ ಕಂದು ಪಟ್ಟೆ ಮೂಡುವುದೂ ಹೀಗೆಯೇ. ಹಾಲುಹಲ್ಲಿನ ಬೇರಿಗೆ ಕೀವು ತುಂಬಿದರೆ ಅದರಡಿಯ ಶಾಶ್ವತ ಹಲ್ಲು ಕಲೆ ಅಥವಾ ಗುಳಿ ಬಿದ್ದು ಬರಬಹುದು.

ಇನ್ನೊಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ಬಾಯಿಯ ಮುಂಭಾಗದ ಶಾಶ್ವತ ಹಲ್ಲುಗಳ ಮೊಳಕೆ ಇರುವುದು ಹಾಲುಹಲ್ಲಿನ ಬೇರಿನ ಒಳಬದಿಗೆ, ಅಂದರೆ ನಾಲಿಗೆಯ ಕಡೆಗೆ. ಹಾಲಿನ ದವಡೆಹಲ್ಲುಗಳ ಕವಲೊಡೆದ ಬೇರುಗಳ ನಡುವೆ, ಮುಂದೆ ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲಿನ, ಅಂದರೆ ಮುಂದವಡೆ ಹಲ್ಲಿನ, ಮೊಳಕೆ ಕೂತಿರುತ್ತದೆ. ಅದು ಮೇಲೇರುತ್ತ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತದೆ, ಹಲ್ಲು ಅಲ್ಲಾಡುತ್ತದೆ, ಬೀಳುತ್ತದೆ. ಬಿದ್ದ ಹಾಲುಹಲ್ಲಿಗೆ ಬೇರೇ ಇಲ್ಲವಲ್ಲ, ಒಳಗೆ ಮುರಿದು ಉಳಿಯಿತೇ ಎಂದು ಹೆದರುವವರಿದ್ದಾರೆ. ಬೇರು ಕರಗಿದ್ದರಿಂದಲೇ ಅದು ಬಿದ್ದದ್ದು.

ಹಾಲುಹಲ್ಲು ಬರುವ ಕಾಲ

ಸಾಮಾನ್ಯವಾಗಿ ಮೊದಲು ಕಾಣುವುದು ಕೆಳಗಿನ ನಡುವಿನ ಎರಡು ಬಾಚಿಹಲ್ಲು, 6ರಿಂದ 10 ತಿಂಗಳಲ್ಲಿ. ಮೇಲಿನ ನಡುವಿನವು 8ರಿಂದ 12 ತಿಂಗಳಲ್ಲಿ, ಅವುಗಳ ಪಕ್ಕದವು 9ರಿಂದ 16 ತಿಂಗಳೊಳಗೆ ಬರುತ್ತವೆ. ಆಮೇಲಿನ ಸರದಿ ಕೋರೆಹಲ್ಲಿನದಲ್ಲ, ಒಂದು ಜಾಗ ಬಿಟ್ಟು ಮೊದಲ ದವಡೆಹಲ್ಲಿನದು: 13ರಿಂದ 19 ತಿಂಗಳು. ನಡುವೆ ಖಾಲಿ ಕಂಡರೆ ಗಾಬರಿಯಾಗಬೇಡಿ, ಕೋರೆಹಲ್ಲು 16ರಿಂದ 23 ತಿಂಗಳಲ್ಲಿ ಬಂದು ಆ ಜಾಗ ತುಂಬುತ್ತದೆ. ಕೊನೆಯದು ಎರಡನೇ ದವಡೆಹಲ್ಲು, 23ರಿಂದ 33 ತಿಂಗಳು. ಮೂರು ವರ್ಷ ತುಂಬುವಾಗ ಮೇಲೆ ಹತ್ತು, ಕೆಳಗೆ ಹತ್ತು ಇರಬೇಕು.

ಒಂದು ವರ್ಷಕ್ಕೂ ಹಲ್ಲಿಲ್ಲದಿದ್ದರೆ ಸಾಮಾನ್ಯವಾಗಿ ಕಾದರೆ ಸಾಕು. ಹದಿನೆಂಟು ತಿಂಗಳಾದರೂ ಒಂದೂ ಬರದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ವಿಟಮಿನ್ ಡಿ ಕೊರತೆ, ಥೈರಾಯ್ಡ್ ಕೊರತೆಯಂಥ ಕಾರಣಗಳಿದ್ದರೆ ಹಲ್ಲಿಗಿಂತ ಮೊದಲು ಅವಕ್ಕೆ ಚಿಕಿತ್ಸೆ ಬೇಕು. ಹುಟ್ಟುವಾಗಲೇ ಹಲ್ಲಿದ್ದರೆ ಅದು ಅಪಶಕುನವೂ ಅಲ್ಲ, ರೋಗವೂ ಅಲ್ಲ. ಅಂಥದ್ದು ಬಹುಪಾಲು ಇಪ್ಪತ್ತರಲ್ಲೇ ಒಂದು, ಬೇಗ ಬಂದದ್ದಷ್ಟೇ. ತೀರ ಸಡಿಲವಾಗಿ ಉಸಿರುನಾಳಕ್ಕೆ ಜಾರುವ ಭಯವಿದ್ದರೆ ಅಥವಾ ಮಗುವಿನ ನಾಲಿಗೆಯಡಿ ಹುಣ್ಣಾಗುತ್ತಿದ್ದರೆ ಏನು ಮಾಡಬೇಕೆಂದು ವೈದ್ಯರು ನಿರ್ಧರಿಸುತ್ತಾರೆ.

ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ, ಸಿಕ್ಕಿದ್ದನ್ನೆಲ್ಲ ಕಚ್ಚುವುದು ಸಹಜ. ಶುಚಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಕಚ್ಚಲು ಕೊಡಿ, ಇಲ್ಲವೇ ತೊಳೆದ ಬೆರಳಿನಿಂದ ಒಸಡನ್ನು ಒಂದೆರಡು ನಿಮಿಷ ಒತ್ತಿ ತೀಡಿ. ಮರಗಟ್ಟಿಸುವ ಬೆಂಜೋಕೇನ್ ಜೆಲ್ ಎರಡು ವರ್ಷದೊಳಗಿನವರಿಗೆ ಬೇಡ. ಅದರಿಂದ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯೇ ಕುಂದುವ ಅಪಾಯವಿದೆ. ಕತ್ತಿಗೆ ಕಟ್ಟುವ ಮಣಿಸರವೂ ಬೇಡ, ಉಸಿರುಗಟ್ಟುವ ಸಂಭವವಿದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವನ್ನೂ ಭೇದಿಯನ್ನೂ ಹಲ್ಲಿನ ತಲೆಗೆ ಕಟ್ಟಬೇಡಿ. ಹಾಗೆ ಕಟ್ಟಿ ಕೂತವರ ಮಕ್ಕಳಿಗೆ ನಿಜವಾದ ಸೋಂಕಿನ ಚಿಕಿತ್ಸೆ ತಡವಾಗುತ್ತದೆ.

ಹಲ್ಲು ಬರುವ ಜಾಗದಲ್ಲಿ ನೀಲಿ ಬಣ್ಣದ ಗುಳ್ಳೆ ಕಂಡರೆ ಅದು ಹಲ್ಲಿನ ಸುತ್ತಲಿನ ಚೀಲದಲ್ಲಿ ನೀರೋ ರಕ್ತವೋ ತುಂಬಿದ್ದು. ಚುಚ್ಚಬೇಡಿ. ಹಲ್ಲು ಬಂದಾಗ ತಾನೇ ಒಡೆಯುತ್ತದೆ.

ಬಾಯಿ ನೋಡುವ ಕ್ರಮ

ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಚಿಕ್ಕ ಮಗುವಾದರೆ ಇಬ್ಬರು ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂರಿ. ಮಗುವಿನ ಕಾಲು ಒಬ್ಬರ ಸೊಂಟದ ಕಡೆ, ತಲೆ ಇನ್ನೊಬ್ಬರ ತೊಡೆಯ ಮೇಲೆ ಬರುವಂತೆ ಮಲಗಿಸಿ. ತಲೆ ಹಿಡಿದವರು ಮೇಲಿನಿಂದ ನೋಡುತ್ತಾರೆ. ದೊಡ್ಡ ಮಗುವನ್ನು ಕಿಟಕಿಗೆ ಮುಖಮಾಡಿ ಕೂರಿಸಿ ಮೊಬೈಲ್ ಟಾರ್ಚ್ ಹಿಡಿದರಾಯಿತು. ಕೈ ತೊಳೆದುಕೊಂಡು ತುಟಿ ಸರಿಸಿ, ಮೊದಲು ಎಣಿಸಿ. ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬರೆದಿಡಿ. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬಾರದಿದ್ದರೆ ಎಕ್ಸ್‌ರೇ ಬೇಕಾಗಬಹುದು. ಈ ಒಂದು ನಿಯಮದಿಂದ ಸಿಕ್ಕಿಹಾಕಿಕೊಂಡ ಹಲ್ಲು, ಹೆಚ್ಚುವರಿ ಹಲ್ಲು, ಹುಟ್ಟದೇ ಇರುವ ಹಲ್ಲು ಎಷ್ಟೋ ಸಲ ಬೇಗ ಪತ್ತೆಯಾಗುತ್ತವೆ.

ಆಮೇಲೆ ಕಚ್ಚುವಿಕೆ ನೋಡಿ. "ಹಲ್ಲು ಕಚ್ಚು" ಎಂದರೆ ಮಕ್ಕಳು ಕೆಳದವಡೆಯನ್ನು ಮುಂದಕ್ಕೆ ತಂದು ಮುಂದಿನ ಹಲ್ಲಿಗೆ ಮುಂದಿನ ಹಲ್ಲು ತಾಗಿಸಿ ತೋರಿಸುತ್ತಾರೆ. ಅದು ನಿಜವಾದ ಕಚ್ಚುವಿಕೆಯಲ್ಲ. ನಾಲಿಗೆಯ ತುದಿಯನ್ನು ಮೇಲೆ ಅಂಗುಳದ ಹಿಂಭಾಗಕ್ಕೆ ಮಡಚಲು ಹೇಳಿ, ಹಾಗೇ ಇಟ್ಟುಕೊಂಡು ಹಿಂದಿನ ಹಲ್ಲುಗಳನ್ನು ಮುಚ್ಚಲು ಹೇಳಿ. ದವಡೆ ತನ್ನ ಜಾಗಕ್ಕೆ ಬರುತ್ತದೆ. ಆಗ ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆದು ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಬದಲಾವಣೆ ಕಣ್ಣಂದಾಜಿಗಿಂತ ಫೋಟೊದಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ದಂತವೈದ್ಯರ ಮೊದಲ ಭೇಟಿ ಒಂದು ವರ್ಷ ತುಂಬುವುದರೊಳಗೆ, ಸೊಟ್ಟ ಹಲ್ಲು ಸರಿಪಡಿಸುವ ವಕ್ರದಂತ ತಜ್ಞರ ಮೊದಲ ತಪಾಸಣೆ ಏಳು ವರ್ಷದೊಳಗೆ ಆದರೆ ಒಳ್ಳೆಯದು. ಏಳಕ್ಕೆ ತೋರಿಸಿದ ಮಾತ್ರಕ್ಕೆ ಏಳಕ್ಕೇ ಕ್ಲಿಪ್ ಹಾಕುತ್ತಾರೆಂದಲ್ಲ. ಬಹಳಷ್ಟು ಮಕ್ಕಳಿಗೆ ಆಗ ಬೇಕಾಗುವುದು ಬರೀ ನಿಗಾ.

ಹಾಲುಹಲ್ಲು ಹೇಗೂ ಬೀಳುವುದಲ್ಲವೇ?

ಸಾಲು ಕೆಡಲು ಈ ಮಾತಿನಷ್ಟು ಕಾರಣವಾಗಿರುವ ಮಾತು ಇನ್ನೊಂದಿರಲಾರದು. ಎರಡನೇ ಹಾಲಿನ ದವಡೆಹಲ್ಲು ಬೀಳುವುದು 10ರಿಂದ 12ನೇ ವರ್ಷದಲ್ಲಿ. ಹುಳುಕು ಹಿಡಿದು ಐದಾರು ವರ್ಷಕ್ಕೇ ಅದನ್ನು ಕೀಳಿಸಿದರೆ ಹಿಂದಿನ ಶಾಶ್ವತ ದವಡೆಹಲ್ಲು ಮುಂದಕ್ಕೆ ವಾಲಿ ಆ ಖಾಲಿ ಜಾಗವನ್ನು ನುಂಗುತ್ತದೆ. ಜಾಗ ಮುಚ್ಚುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ನಾಲ್ಕೈದು ವರ್ಷ ಕಳೆದು ಮುಂದವಡೆ ಹಲ್ಲು ಮೇಲೆ ಬರಲು ಹೊರಟಾಗ ಬಾಗಿಲೇ ಇರುವುದಿಲ್ಲ. ಅದು ಒಳಗೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸಾಲು ಬಿಟ್ಟು ಪಕ್ಕಕ್ಕೆ ಹೊರಡುತ್ತದೆ.

ಆದ್ದರಿಂದ ಹುಳುಕಾದ ಹಾಲಿನ ದವಡೆಹಲ್ಲನ್ನು ಸಿಮೆಂಟ್ ತುಂಬಿಸಿಯೋ, ನರದ ಚಿಕಿತ್ಸೆ ಮಾಡಿಸಿ ಸ್ಟೀಲ್ ಕ್ಯಾಪ್ ಹಾಕಿಸಿಯೋ ಉಳಿಸಿಕೊಳ್ಳುವುದೇ ಮೊದಲ ದಾರಿ. ಕೀಳಲೇಬೇಕಾದರೆ ಅದೇ ದಿನ ಕೇಳಬೇಕಾದ ಪ್ರಶ್ನೆ: "ಜಾಗ ಕಾಯುವ ಕ್ಲಿಪ್ ಬೇಕೇ?" ಪಕ್ಕದ ಹಲ್ಲಿಗೆ ಸ್ಟೀಲಿನ ಉಂಗುರ ತೊಡಿಸಿ, ಅದರಿಂದ ಹೊರಟ ತಂತಿಯ ಕುಣಿಕೆ ಮುಂದಿನ ಹಲ್ಲಿಗೆ ತಾಗಿ ನಿಲ್ಲುವಂತೆ ಇದನ್ನು ಮಾಡುತ್ತಾರೆ. ಎರಡೂ ಬದಿಯ ಹಲ್ಲು ಹೋಗಿದ್ದರೆ ನಾಲಿಗೆಯ ಕಡೆಯಿಂದ ಸುತ್ತಿ ಬರುವ ಒಂದೇ ತಂತಿ ಹಾಕುವುದುಂಟು. ಹಾಕಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಸಿಮೆಂಟ್ ಸಡಿಲವಾದರೆ ಉಂಗುರದಡಿ ಹುಳುಕು ಹಿಡಿಯುತ್ತದೆ. ಹೊಸ ಹಲ್ಲಿನ ತುದಿ ಕಂಡಾಗ ತೆಗೆಸದಿದ್ದರೆ ಅದೇ ತಂತಿ ಆ ಹಲ್ಲಿಗೆ ಅಡ್ಡವಾಗುತ್ತದೆ. ಮುಂದಿನ ಬಾಚಿಹಾಲುಹಲ್ಲು ಬೇಗ ಹೋದರೆ ಸಾಮಾನ್ಯವಾಗಿ ಜಾಗ ಮುಚ್ಚುವುದಿಲ್ಲ. ಹೊಸ ಹಲ್ಲು ಇನ್ನೇನು ಬರುವ ಸ್ಥಿತಿಯಲ್ಲಿದೆ ಎಂದು ಎಕ್ಸ್‌ರೇ ತೋರಿಸಿದಾಗಲೂ ಕ್ಲಿಪ್ ಬೇಕಿಲ್ಲ.

ಹುಳುಕು ತಡೆಯುವ ಕೆಲಸ ಮೊದಲ ಹಲ್ಲು ಕಂಡ ದಿನದಿಂದಲೇ ಶುರು. ದಿನಕ್ಕೆರಡು ಸಲ, ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್. ಮೂರು ವರ್ಷದ ತನಕ ಅಕ್ಕಿಕಾಳಿನಷ್ಟು, ಮೂರರಿಂದ ಆರರ ತನಕ ಬಟಾಣಿ ಕಾಳಿನಷ್ಟು ಸಾಕು. ಏಳೆಂಟು ವರ್ಷದವರೆಗೆ ಹಿರಿಯರೇ ಉಜ್ಜಿಸಬೇಕು, ಯಾಕೆಂದರೆ ಅಲ್ಲಿಯ ತನಕ ಮಕ್ಕಳ ಕೈ ಹಿಂದಿನ ಹಲ್ಲಿಗೆ ಸರಿಯಾಗಿ ಎಟುಕುವುದಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಗುವಿನ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹಾಳಾಗುತ್ತವೆ.

ಆರನೇ ವರ್ಷ: ಸದ್ದಿಲ್ಲದೆ ಬರುವ ಹಲ್ಲು

ಮನೆಯವರ ಗಮನವೆಲ್ಲ ಮುಂದೆ ಅಲ್ಲಾಡುವ ಹಲ್ಲಿನ ಮೇಲಿರುವಾಗ ಬಾಯಿಯ ಹಿಂದೆ, ಹಾಲುಹಲ್ಲುಗಳ ಸಾಲು ಮುಗಿದ ಮೇಲೆ, ನಾಲ್ಕು ದೊಡ್ಡ ದವಡೆಹಲ್ಲುಗಳು ಬರುತ್ತವೆ. ಇವು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವಂಥವಲ್ಲ, ಹಾಗಾಗಿ ಇವೂ ಹಾಲುಹಲ್ಲೇ ಎಂದು ಎಷ್ಟೋ ಮಂದಿ ತಿಳಿದಿರುತ್ತಾರೆ. ಇಡೀ ಕಚ್ಚುವಿಕೆ ನಿಂತಿರುವುದು ಇವುಗಳ ಮೇಲೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತವನ್ನು ಮೂರು ವರ್ಗವಾಗಿ ವಿಂಗಡಿಸಿದ್ದು ಈ ಹಲ್ಲು ಮೇಲೆ-ಕೆಳಗೆ ಹೇಗೆ ಕೂತಿದೆ ಎನ್ನುವುದರ ಆಧಾರದಲ್ಲೇ. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಹೊಸದಾಗಿ ಬಂದ ಈ ಹಲ್ಲಿನ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ನೇರಕ್ಕೆ ಹಿಡಿದ ಬ್ರಷ್ ಅದನ್ನು ಮುಟ್ಟದೇ ಮೇಲಿಂದ ಹಾದುಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ತೂರಿಸಿ ಉಜ್ಜಿ. ಹಲ್ಲು ಒಸಡಿನಿಂದ ಪೂರ್ತಿ ಬಿಡಿಸಿಕೊಂಡ ಮೇಲೆ ಗೀರುಗಳಿಗೆ ಸೀಲಂಟ್, ಅಂದರೆ ಅವನ್ನು ಮುಚ್ಚುವ ಲೇಪ, ಹಾಕಿಸಿದರೆ ಹುಳುಕಿನಿಂದ ಬಲವಾದ ರಕ್ಷಣೆ. ಹಲ್ಲು ಬರುವಾಗಲೇ ಹಳದಿ-ಕಂದು ತೇಪೆಯಿದ್ದು, ತಣ್ಣೀರು ತಾಗಿದರೆ ಮಗು ಚೀರುತ್ತಿದ್ದರೆ ಎನಾಮೆಲ್ಲಿಗೆ ಖನಿಜ ಸರಿಯಾಗಿ ಕೂತಿಲ್ಲ. ಇಂಥ ಹಲ್ಲು ಬೇಗ ಪುಡಿಯಾಗುತ್ತದೆ, ಕಂಡ ಕೂಡಲೇ ತೋರಿಸಿ. ಕೆಲವೊಮ್ಮೆ ಮೇಲಿನ ಈ ಹಲ್ಲು ಮುಂದಕ್ಕೆ ವಾಲಿ ಹಾಲಿನ ದವಡೆಹಲ್ಲಿನ ಅಡಿ ಸಿಕ್ಕಿಕೊಂಡು ಅದರ ಬೇರನ್ನು ಕರಗಿಸುತ್ತದೆ. ಏಳು ತುಂಬಿದರೂ ಅರ್ಧವಷ್ಟೇ ಕಾಣುವ ದವಡೆಹಲ್ಲಿನ ಬಗ್ಗೆ ಈ ಅನುಮಾನವಿರಲಿ.

ಅದೇ ಹೊತ್ತಿಗೆ ಕೆಳಗಿನ ಮುಂದಿನ ಹಲ್ಲು ಹಾಲುಹಲ್ಲು ಬೀಳುವ ಮೊದಲೇ ಒಳಬದಿಯಲ್ಲಿ ತಲೆಯೆತ್ತಿ ಎರಡು ಸಾಲು ಕಾಣಬಹುದು. ಮೊಳಕೆ ಇರುವುದೇ ಒಳಬದಿಯಲ್ಲಾದ್ದರಿಂದ ಇದು ತೀರಾ ಸಾಮಾನ್ಯ. ಹಾಲುಹಲ್ಲು ಅಲ್ಲಾಡುತ್ತಿದ್ದರೆ ಮಗುವೇ ದಿನಕ್ಕೆ ನಾಲ್ಕಾರು ಸಲ ನಾಲಿಗೆಯಿಂದಲೋ ಶುಚಿ ಬೆರಳಿನಿಂದಲೋ ಅಲ್ಲಾಡಿಸಲಿ. ಅದು ಬಿದ್ದ ಮೇಲೆ ನಾಲಿಗೆಯ ಒತ್ತಡವೇ ಹೊಸ ಹಲ್ಲನ್ನು ಮುಂದಕ್ಕೆ ತರುತ್ತದೆ, ಜಾಗವಿದ್ದರೆ. ಎರಡು ಮೂರು ತಿಂಗಳಾದರೂ ಹಾಲುಹಲ್ಲು ಅಲ್ಲಾಡದೆ ಗಟ್ಟಿಯಾಗಿದ್ದರೆ ಕೀಳಿಸಿ. ಮೇಲ್ದವಡೆಯಲ್ಲಿ ಹೀಗಾದರೆ ಇಷ್ಟು ಕಾಯಬೇಡಿ. ಅಲ್ಲಿ ಹೊಸ ಹಲ್ಲು ಕೆಳಹಲ್ಲಿನ ಹಿಂದೆ ಸಿಕ್ಕಿಬಿದ್ದರೆ ತಾನಾಗಿ ಮುಂದೆ ಬರಲಾರದು. ದಾರ ಕಟ್ಟಿ ಎಳೆಯುವುದಂತೂ ಯಾವ ಹಲ್ಲಿಗೂ ಬೇಡ.

ಏಳರಿಂದ ಹನ್ನೊಂದು: ಸಂದು, ಸೊಟ್ಟ, ಇಕ್ಕಟ್ಟು

ಮೇಲಿನ ನಾಲ್ಕು ಶಾಶ್ವತ ಬಾಚಿಹಲ್ಲುಗಳ ಒಟ್ಟು ಅಗಲ ಹಾಲುಹಲ್ಲಿಗಿಂತ ಸುಮಾರು 7 ಮಿ.ಮೀ. ಹೆಚ್ಚು, ಕೆಳಗೆ 5–6 ಮಿ.ಮೀ. ಹೆಚ್ಚು. ಆದ್ದರಿಂದ ನಾಲ್ಕು ವರ್ಷದ ಮಗುವಿನ ಮುಂದಿನ ಹಾಲುಹಲ್ಲುಗಳ ನಡುವೆ ಸಂದುಗಳಿದ್ದರೆ ಸಂತೋಷಪಡಿ. ಮುತ್ತು ಪೋಣಿಸಿದಂತೆ ಒತ್ತೊತ್ತಾಗಿದ್ದರೆ ಮುಂದೆ ಇಕ್ಕಟ್ಟಾಗುವ ಸಾಧ್ಯತೆ ಹೆಚ್ಚು. ಎಂಟರ ಸುಮಾರಿಗೆ ಕೆಳಗಿನ ಮುಂದಿನ ಹಲ್ಲುಗಳು 1–2 ಮಿ.ಮೀ.ಯಷ್ಟು ಇಕ್ಕಟ್ಟಾಗಿ ತಿರುಚಿಕೊಂಡರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. 4 ಮಿ.ಮೀ. ದಾಟಿದರೆ ಹಾಗೆ ನಂಬಿ ಕೂರಲಾಗದು.

ಹಿಂಬದಿಯಲ್ಲಿ ಲೆಕ್ಕ ತಿರುಗುಮುರುಗು. ಹಾಲಿನ ದವಡೆಹಲ್ಲುಗಳಿಗಿಂತ ಅವುಗಳ ಜಾಗಕ್ಕೆ ಬರುವ ಮುಂದವಡೆ ಹಲ್ಲುಗಳು ಕಿರಿದು. ಕೋರೆಹಲ್ಲನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೇಲೆ ಒಂದೊಂದು ಬದಿಗೆ ಸುಮಾರು 0.9 ಮಿ.ಮೀ., ಕೆಳಗೆ ಸುಮಾರು 1.7 ಮಿ.ಮೀ. ಜಾಗ ಉಳಿಯುತ್ತದೆ. ಸ್ವಲ್ಪ ಇಕ್ಕಟ್ಟಿರುವ ಬಾಯಲ್ಲಿ ಹತ್ತು-ಹನ್ನೊಂದರ ವಯಸ್ಸಿನಲ್ಲಿ ಕೆಳಗೊಂದು ತಂತಿ ಹಾಕಿ ಈ ಉಳಿತಾಯ ಕೈತಪ್ಪದಂತೆ ಹಿಡಿದಿಟ್ಟರೆ ಮುಂದಿನ ಚಿಕಿತ್ಸೆ ಹಗುರವಾಗುತ್ತದೆ. ಕೊನೆಯ ಹಾಲಿನ ದವಡೆಹಲ್ಲು ಬಿದ್ದ ಮೇಲೆ ಹೋದರೆ ಈ ಅವಕಾಶ ಮುಗಿದಿರುತ್ತದೆ.

ಮೇಲಿನ ನಡುವಿನ ಎರಡು ಹಲ್ಲಿನ ಮಧ್ಯೆ ಸಂದು, ಪಕ್ಕದ ಹಲ್ಲುಗಳು ಹೊರಕ್ಕೆ ವಾಲಿರುವುದು: ಎಂಟು-ಒಂಬತ್ತು ವರ್ಷದವರಲ್ಲಿ ಈ ನೋಟ ಸಾಮಾನ್ಯ. ಒಳಗಿರುವ ಕೋರೆಹಲ್ಲಿನ ಮೊಳಕೆ ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತಿರುತ್ತದೆ. ಸಂದು 2 ಮಿ.ಮೀ. ಒಳಗಿದ್ದರೆ ಕೋರೆಹಲ್ಲು ಇಳಿದಾಗ ಹೆಚ್ಚಾಗಿ ಮುಚ್ಚುತ್ತದೆ. ಈ ವಯಸ್ಸಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿ ಸಂದು ಮುಚ್ಚಿಸಲು ಹೋಗುವುದು ಅನಾಹುತಕ್ಕೆ ದಾರಿ: ಬ್ಯಾಂಡ್ ಒಸಡಿನೊಳಗೆ ಜಾರಿ ಬೇರಿನ ಸುತ್ತಲಿನ ಮೂಳೆಯನ್ನು ಹಾಳುಮಾಡಿ ಹಲ್ಲೇ ಉದುರಬಹುದು. ತುಟಿಯಿಂದ ಒಸಡಿಗೆ ಬರುವ ದಪ್ಪ ಪಟ್ಟಿಯೇ ಸಂದಿಗೆ ಕಾರಣವಾಗಿದ್ದರೂ ಅದನ್ನು ಕತ್ತರಿಸುವುದು ಸಾಮಾನ್ಯವಾಗಿ ಕೋರೆಹಲ್ಲು ಬಂದ ಮೇಲೆ.

ಕೋರೆಹಲ್ಲಿಗೆ ಬೆರಳಿಟ್ಟು ನೋಡಿ

ಮೇಲಿನ ಕೋರೆಹಲ್ಲು ಹುಟ್ಟುವುದು ಮೂಗಿನ ಪಕ್ಕದಷ್ಟು ಎತ್ತರದಲ್ಲಿ. ಅಷ್ಟು ದೂರ ಇಳಿದು 11–12ನೇ ವರ್ಷದಲ್ಲಿ ಬಾಯಿಗೆ ಬರಬೇಕು. ದಾರಿ ತಪ್ಪುವವುಗಳಲ್ಲಿ ಬುದ್ಧಿಹಲ್ಲು ಬಿಟ್ಟರೆ ಇದೇ ಮುಂದು. ಒಂಬತ್ತು ತುಂಬಿದ ಮೇಲೆ ಹೀಗೆ ಮಾಡಿ: ತೋರುಬೆರಳನ್ನು ತುಟಿಯೊಳಗೆ ತೂರಿಸಿ, ಹಾಲಿನ ಕೋರೆಹಲ್ಲಿನ ಮೇಲಿನ ಒಸಡಿನ ಹೊರಮೈಯಲ್ಲಿ ಇಟ್ಟು, ತುಸು ಒತ್ತಿ ಮೇಲಕ್ಕೆ ಸರಿಸಿ. ಒಸಡಿನಡಿ ಗಟ್ಟಿಯಾದ ನುಣುಪು ಉಬ್ಬು ಸಿಗಬೇಕು. ಎರಡೂ ಬದಿ ಹೋಲಿಸಿ. ಹತ್ತೂವರೆಯ ಹೊತ್ತಿಗೂ ಒಂದು ಕಡೆ ಉಬ್ಬಿದ್ದು ಇನ್ನೊಂದು ಕಡೆ ಚಪ್ಪಟೆಯಾಗಿದ್ದರೆ, ಅಥವಾ ಉಬ್ಬು ಅಂಗುಳದ ಕಡೆ ಸಿಕ್ಕರೆ, ಎಕ್ಸ್‌ರೇ ಮಾಡಿಸಲೇಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಳಬದಿಗೆ ತಿರುಗಿದ ಕೋರೆಹಲ್ಲು ಈ ವಯಸ್ಸಿನಲ್ಲೇ ಗೊತ್ತಾದರೆ, ಜಾಗವೂ ಇದ್ದರೆ, ಹಾಲಿನ ಕೋರೆಹಲ್ಲನ್ನು ಕಿತ್ತಷ್ಟಕ್ಕೇ ಬಹಳ ಸಲ ಅದು ಸರಿದಾರಿಗೆ ಬರುತ್ತದೆ. ಹದಿನಾಲ್ಕಕ್ಕೆ ಗೊತ್ತಾದರೆ ಒಸಡು ಬಿಡಿಸಿ, ಹಲ್ಲಿಗೆ ಸರಪಳಿ ಅಂಟಿಸಿ, ತಿಂಗಳುಗಟ್ಟಲೆ ಎಳೆಯಬೇಕು. ಗೊತ್ತೇ ಆಗದಿದ್ದರೆ ಪಕ್ಕದ ಬಾಚಿಹಲ್ಲಿನ ಬೇರನ್ನು ನೋವಿಲ್ಲದೆ ಕರಗಿಸಿಬಿಡಬಹುದು.

ಹುಟ್ಟದ ಹಲ್ಲು, ಹೆಚ್ಚಿನ ಹಲ್ಲು, ಮುಳುಗಿದ ಹಲ್ಲು

ಬುದ್ಧಿಹಲ್ಲನ್ನು ಬಿಟ್ಟರೆ ಹುಟ್ಟದೇ ಉಳಿಯುವುದು ಹೆಚ್ಚಾಗಿ ಕೆಳಗಿನ ಎರಡನೇ ಮುಂದವಡೆ ಹಲ್ಲು ಮತ್ತು ಮೇಲಿನ ಪಕ್ಕದ ಬಾಚಿಹಲ್ಲು. ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಇದು ವಂಶದಲ್ಲಿ ಬರುತ್ತದೆ. ಹೆಚ್ಚುವರಿ ಹಲ್ಲು ಸಾಮಾನ್ಯವಾಗಿ ಮೇಲಿನ ನಡುವಿನ ಹಲ್ಲುಗಳ ಮಧ್ಯೆ ಮೊನಚಾಗಿ ಅಡಗಿರುತ್ತದೆ, ಅದರಿಂದ ಒಂದು ನಡುಹಲ್ಲು ಬರುವುದೇ ಇಲ್ಲ. ಪಕ್ಕದ ಬಾಚಿಹಲ್ಲು ಬಂದರೂ ನಡುವಿನದು ಬಾರದಿದ್ದರೆ ಕ್ರಮ ತಪ್ಪಿದೆ ಎಂದೇ ಅರ್ಥ. ಇನ್ನು, ಹಾಲಿನ ದವಡೆಹಲ್ಲು ದವಡೆಯ ಮೂಳೆಗೆ ಬೆಸೆದುಕೊಂಡರೆ ಸುತ್ತಲಿನವು ಮೇಲೇರುತ್ತ ಹೋದಂತೆ ಅದು ಮುಳುಗಿದ ಹಾಗೆ ಕಾಣುತ್ತದೆ. ಮುಳುಗುವುದು ಹೆಚ್ಚುತ್ತಿದ್ದರೆ, ಪಕ್ಕದ ಹಲ್ಲು ಅದರ ಮೇಲೆ ವಾಲುತ್ತಿದ್ದರೆ ತಡಮಾಡಬಾರದು.

ಕಚ್ಚುವಿಕೆ ಎಲ್ಲಿ ಕೆಡುತ್ತದೆ

ಸರಿಯಾದ ಕಚ್ಚುವಿಕೆಯಲ್ಲಿ ಮೇಲಿನ ಸಾಲು ಸುತ್ತಲೂ ಕೆಳಗಿನದರ ಹೊರಗಿರುತ್ತದೆ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 2–3 ಮಿ.ಮೀ. ಮುಂದಿದ್ದು, ಅದರ ಮೂರನೇ ಒಂದು ಪಾಲಿನಷ್ಟನ್ನು ಮುಚ್ಚುತ್ತದೆ.

ಮುಂದಕ್ಕೆ ಚಾಚಿರುವುದು 6 ಮಿ.ಮೀ. ದಾಟಿದರೆ ತುಟಿ ಮುಚ್ಚಲು ಕಷ್ಟ, ಬಿದ್ದಾಗ ಮುಂದಿನ ಹಲ್ಲು ಮುರಿಯುವ ಅಪಾಯವೂ ಹೆಚ್ಚು. ಉಬ್ಬುಹಲ್ಲು ಎಂದು ಕರೆಯುವ ಎಷ್ಟೋ ಬಾಯಿಗಳಲ್ಲಿ ತಪ್ಪಿರುವುದು ಮೇಲಿನ ಹಲ್ಲಿನದಲ್ಲ, ಕೆಳದವಡೆ ಹಿಂದಿರುವುದು. ದವಡೆಯ ಬೆಳವಣಿಗೆಯನ್ನು ಬಳಸಿಕೊಳ್ಳುವ, ತೆಗೆದುಹಾಕಬಹುದಾದ ಪ್ಲೇಟುಗಳು ಮಗು ಸರಸರನೆ ಎತ್ತರ ಬೆಳೆಯುವ ಹೊತ್ತಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ: ಹುಡುಗಿಯರಲ್ಲಿ ಸುಮಾರು 10–12, ಹುಡುಗರಲ್ಲಿ 12–14. ಪೆಟ್ಟಿಗೆಯಲ್ಲಿಟ್ಟ ಪ್ಲೇಟ್ ಏನನ್ನೂ ಸರಿಪಡಿಸದು. ಇವು ಸೋಲುವುದು ಹೆಚ್ಚಾಗಿ ಹೇಳಿದಷ್ಟು ಗಂಟೆ ಹಾಕಿಕೊಳ್ಳದ್ದರಿಂದ.

ಕೆಳಹಲ್ಲು ಹೊರಗೆ, ಮೇಲ್ಹಲ್ಲು ಒಳಗೆ ಕೂತಿದ್ದರೆ ಬೆಳೆದ ಮೇಲೆ ನೋಡೋಣ ಎನ್ನಬೇಡಿ. ಒಂದೇ ಹಲ್ಲು ಹೀಗಿದ್ದರೂ ಅದು ಎದುರಿನ ಕೆಳಹಲ್ಲನ್ನು ದಿನವಿಡೀ ಹೊರಕ್ಕೆ ತಳ್ಳಿ ಒಸಡು ಜಾರುವಂತೆ ಮಾಡುತ್ತದೆ. ಮೇಲ್ದವಡೆಯೇ ಹಿಂದೆ ಬಿದ್ದಿದ್ದರೆ ಅದನ್ನು ಮುಂದಕ್ಕೆಳೆಯುವ ಮುಖಕ್ಕೆ ತೊಡುವ ಸಾಧನ ಹತ್ತು ವರ್ಷದೊಳಗೆ ಹೆಚ್ಚು ಫಲಕಾರಿ. ಹಿಂದಿನ ಹಲ್ಲುಗಳು ಒಂದು ಬದಿಗೆ ಮಾತ್ರ ಅಡ್ಡ ಕಚ್ಚುತ್ತಿದ್ದರೆ ಮಗು ಬಾಯಿ ಮುಚ್ಚುವಾಗ ಗದ್ದ ಯಾವ ಕಡೆ ಜಾರುತ್ತದೆ ನೋಡಿ. ಮೇಲ್ದವಡೆ ಕಿರಿದಾಗಿರುವುದರಿಂದ ಕೆಳದವಡೆ ಪಕ್ಕಕ್ಕೆ ಸರಿದು ಹೊಂದಿಕೊಳ್ಳುತ್ತಿರುತ್ತದೆ, ಬೆಳೆಯುತ್ತ ಮುಖವೇ ಓರೆಯಾಗಬಹುದು. ಅಂಗುಳದ ನಡುವಿನ ಬೆಸುಗೆ ಬಿಗಿಯಾಗುವ ಮೊದಲು ಅಗಲಿಸುವ ಸ್ಕ್ರೂ ಹಾಕುತ್ತಾರೆ. ಕೀಲಿಯ ಒಂದು ತಿರುವಿಗೆ ಸಾಮಾನ್ಯವಾಗಿ 0.25 ಮಿ.ಮೀ. ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟರೆ ಅದು ಅಗಲವಾಗುತ್ತಿರುವ ಗುರುತು, ಹೆದರಬೇಡಿ. ತಿರುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮರೆತ ದಿನದ ಲೆಕ್ಕ ಮರುದಿನ ಸೇರಿಸಬೇಡಿ. ಅಗಲವಾದ ಮೇಲೂ ಮೂಳೆ ತುಂಬಿಕೊಳ್ಳಲು ಕೆಲವು ತಿಂಗಳು ಅದು ಬಾಯಲ್ಲೇ ಇರಬೇಕು.

ಬೆರಳು ಚೀಪುವುದು, ಬಾಯಲ್ಲಿ ಉಸಿರಾಡುವುದು

ಹಿಂದಿನ ಹಲ್ಲು ಮುಚ್ಚಿದರೂ ಮುಂದೆ ಮೇಲೆ-ಕೆಳಗೆ ತಾಗದೆ ಬಾಯಿ ತೆರೆದೇ ಉಳಿದಿದ್ದರೆ ಮೊದಲು ಮಗುವಿನ ಹೆಬ್ಬೆರಳು ನೋಡಿ. ಒಂದು ಬೆರಳು ಮಾತ್ರ ಬೆಳ್ಳಗೆ, ಚರ್ಮ ಗಂಟುಕಟ್ಟಿ, ಉಗುರು ಸವೆದಿದ್ದರೆ ಕಾರಣ ಸಿಕ್ಕಿತು. ಹಲ್ಲನ್ನು ಸರಿಸುವುದರಲ್ಲಿ ಎಷ್ಟು ಜೋರಾಗಿ ಚೀಪುತ್ತದೆ ಎನ್ನುವುದಕ್ಕಿಂತ ಎಷ್ಟು ಗಂಟೆ ಚೀಪುತ್ತದೆ ಎನ್ನುವುದು ಮುಖ್ಯ, ಹಾಗಾಗಿ ನಿದ್ದೆಯಲ್ಲಿ ಚೀಪುವುದೇ ಹೆಚ್ಚು ಕೆಡುಕು. ಮೂರು-ನಾಲ್ಕು ವರ್ಷಕ್ಕೆ ಬಿಟ್ಟರೆ ಬಹಳಷ್ಟು ತಾನೇ ಸರಿಹೋಗುತ್ತದೆ. ಬೈಯುವುದರಿಂದ, ಖಾರ ಹಚ್ಚುವುದರಿಂದ ಮಗು ಕದ್ದು ಚೀಪಲು ಕಲಿಯುತ್ತದೆ. ಯಾವಾಗ ಚೀಪುತ್ತದೆ ಎಂದು ವಾರವಿಡೀ ಗಮನಿಸಿ, ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಿ. ರಾತ್ರಿಗೆ ಮಗುವಿನ ಒಪ್ಪಿಗೆ ಪಡೆದೇ ಕೈಗೆ ತೆಳು ಕಾಲುಚೀಲ ಹಾಕಿ, ಚೀಪದ ರಾತ್ರಿಗೊಂದು ಗುರುತು ಹಚ್ಚಲು ಮಗುವಿಗೇ ಬಿಡಿ. ಆರೇಳಕ್ಕೂ ನಿಲ್ಲದಿದ್ದರೆ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಬೆರಳಿಗೆ ಅಡ್ಡವಾಗುವ ತಂತಿ ಹಾಕಿಸಬಹುದು.

ಗೊರಕೆ, ಹಗಲಲ್ಲೂ ತೆರೆದ ಬಾಯಿ, ಬೆಳಿಗ್ಗೆ ಒಣಗಿದ ತುಟಿ ಕಂಡರೆ ಹಲ್ಲಿಗಿಂತ ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡು ದಾರಿ ಕಟ್ಟಿದ್ದರೆ ಯಾವ ಕ್ಲಿಪ್ ಹಾಕಿದರೂ ಫಲ ನಿಲ್ಲುವುದಿಲ್ಲ.

ಪೆಟ್ಟು ಬಿದ್ದಾಗ

ಶಾಶ್ವತ ಹಲ್ಲು ಇಡಿಯಾಗಿ ಕಿತ್ತುಬಂದರೆ ನಿಮಿಷಗಳ ಲೆಕ್ಕ. ಹಲ್ಲಿನ ತಲೆಯನ್ನಷ್ಟೇ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಹರಿಯುವ ತಣ್ಣೀರಿನಲ್ಲೋ ಕೆಲವೇ ಕ್ಷಣ ತೊಳೆಯಿರಿ, ಉಜ್ಜಬೇಡಿ. ಅದೇ ಕುಳಿಯಲ್ಲಿ ಸರಿಯಾದ ಮುಖಕ್ಕೆ ಕೂರಿಸಿ, ಶುಚಿ ಬಟ್ಟೆ ಕಚ್ಚಿಸಿ ಹೊರಡಿ. ಕೂರಿಸಲಾಗದಿದ್ದರೆ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ, ನೀರಿನಲ್ಲಿ ಬೇಡ, ಒಣಬಟ್ಟೆಯಲ್ಲಿ ಸುತ್ತುವುದಂತೂ ಬೇಡವೇ ಬೇಡ. ಅರ್ಧ ಗಂಟೆಯೊಳಗೆ ಕೂರಿಸಿದರೆ ಉಳಿಯುವ ಸಾಧ್ಯತೆ ಒಳ್ಳೆಯದು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು, ಅಡಿಯ ಮೊಳಕೆಗೆ ಪೆಟ್ಟಾಗುತ್ತದೆ.

ಕ್ಲಿಪ್ ಹಾಕಿಸಿದ ಮೇಲೆ

ತಂತಿಯ ಮೆದು ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಮೂಳೆ ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸತು ಕಟ್ಟುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ. ಬಿಗಿ ಮಾಡಿದರೆ ಬೇಗ ಮುಗಿಯುತ್ತದೆ ಎನ್ನುವುದು ತಪ್ಪು, ಅತಿ ಒತ್ತಡಕ್ಕೆ ಬೇರೇ ಸವೆಯುತ್ತದೆ. ಪೂರ್ತಿ ಚಿಕಿತ್ಸೆಗೆ ಒಂದೂವರೆಯಿಂದ ಎರಡೂವರೆ ವರ್ಷ ಹಿಡಿಯುವುದು ಸಾಮಾನ್ಯ. ಪ್ರತಿ ಊಟದ ನಂತರ ತಂತಿಯ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಬ್ರಷ್ ಓರೆಯಾಗಿ ಹಿಡಿದು ಉಜ್ಜಿ, ತಂತಿಯಡಿ ಸಣ್ಣ ಸಂದಿ-ಬ್ರಷ್ ತೂರಿಸಿ. ಇಲ್ಲದಿದ್ದರೆ ಕ್ಲಿಪ್ ಬಿಚ್ಚಿದ ದಿನ ಅದರ ಸುತ್ತ ಸುಣ್ಣದ ಬಣ್ಣದ ಚೌಕಗಳು ಉಳಿದಿರುತ್ತವೆ, ಅದು ಹುಳುಕಿನ ಮೊದಲ ಹಂತ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ವೈದ್ಯರು ಕೊಟ್ಟ ಮೇಣ ಒತ್ತಿ, ಮರುದಿನ ಕತ್ತರಿಸಿಸಿಕೊಳ್ಳಿ.

ಬಿಚ್ಚಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲಿ ಹಿಡಿದಿಡುವ ರಿಟೈನರ್ ಹಾಕದಿದ್ದರೆ ಒಸಡಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತವೆ, ತಿರುಚಿದ್ದ ಹಲ್ಲು ಮೊದಲು ಹಿಂದಿರುಗುತ್ತದೆ. ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದಷ್ಟು ಹೊತ್ತು, ಆಮೇಲೆ ವರ್ಷಗಟ್ಟಲೆ ರಾತ್ರಿ ಹಾಕಬೇಕು. ಬಿಸಿನೀರಲ್ಲಿ ತೊಳೆದರೆ ಅದರ ಆಕಾರ ಕೆಡುತ್ತದೆ.

ಬುದ್ಧಿಹಲ್ಲು 17ರಿಂದ 21ರ ನಡುವೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಮುಂದಿನ ಹಲ್ಲು ಸೊಟ್ಟಗಾಗುವುದು ಅದು ತಳ್ಳುವುದರಿಂದ ಎಂಬ ನಂಬಿಕೆ ಬಲವಾಗಿದೆ. ಬುದ್ಧಿಹಲ್ಲು ಹುಟ್ಟದವರಲ್ಲೂ ವಯಸ್ಸಾದಂತೆ ಕೆಳಗಿನ ಮುಂದಿನ ಹಲ್ಲು ಇಕ್ಕಟ್ಟಾಗುತ್ತವೆ, ಆದ್ದರಿಂದ ಆ ಒಂದೇ ಕಾರಣಕ್ಕೆ ಕೀಳಿಸಬೇಕಿಲ್ಲ. ಮತ್ತೆ ಮತ್ತೆ ಒಸಡು ಊದುತ್ತಿದ್ದರೆ, ಪಕ್ಕದ ಹಲ್ಲಿಗೆ ಹುಳುಕು ತರುತ್ತಿದ್ದರೆ, ಎಕ್ಸ್‌ರೇಯಲ್ಲಿ ಸುತ್ತ ನೀರುಗುಳ್ಳೆ ಕಂಡರೆ ಕೀಳಿಸುವುದೇ ಸರಿ. ಅರ್ಧ ಬಂದ ಹಲ್ಲಿನ ಮೇಲಿನ ಒಸಡು ಊದಿ ನೋಯುತ್ತಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಿ, ಮೆದು ಬ್ರಷ್‌ನಿಂದ ಅಲ್ಲಿ ಸಿಕ್ಕಿದ್ದನ್ನು ತೆಗೆಯಿರಿ. ಬಾಯಿ ತೆರೆಯಲಾಗದಿದ್ದರೆ, ಕೆನ್ನೆಯೋ ಕತ್ತೋ ಊದಿದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.